ಗೋಲ್‌ಕೀಪರನ ಆಣೆ

ಸಂಶಯ ನಮ್ಮ ತವರು ಮನೆಯ ಪಿತ್ರಾರ್ಜಿತ ಆಸ್ತಿ. ಹಾಲಿಗೆ ಬೆರಳು ಅದ್ದಿ ನೋಡದೆ ನನ್ನ ಅಮ್ಮ ಒಂದು ದಿನವೂ ಅದನ್ನು ಒಳಗೆ ತಂದವಳಲ್ಲ. ಅಣ್ಣ ಬಂಟ್ವಾಳದ ಒಂದು ಶಾಲೆಯಲ್ಲಿ ಮಾಸ್ತರ. ಅಕ್ಕಪಕ್ಕ ಕೂತ ಇಬ್ಬರು ಮಕ್ಕಳ ಲೆಕ್ಕ ಸರಿ ಬಂದರೆ ಇಬ್ಬರನ್ನೂ ಎಬ್ಬಿಸಿ, ಯಾರು ಯಾರದ್ದು ನೋಡಿ ಬರೆದದ್ದು ಎಂದು ಕೇಳುವವ. ನಾನೂ ಅದೇ ಮನೆಯ ಅನ್ನ ತಿಂದು ಬೆಳೆದವಳು. ಹಾಗಾಗಿ ಅರುವತ್ತರ ದಶಕದ ಆ ವರ್ಷ ನಮ್ಮೂರ ಫುಟ್ಬಾಲ್ ತಂಡ ಸೋತು ಸುಣ್ಣವಾದಾಗ, ಅದು ಬರೀ ಆಟದಲ್ಲಿ ಸೋತದ್ದು ಎಂದು ನಮ್ಮ ಜಗಲಿಯಲ್ಲಿ ಯಾರೂ ಒಪ್ಪಲಿಲ್ಲ.

ಆ ತಂಡದ ಗೋಲ್‌ಕೀಪರ್ ನನ್ನ ಗಂಡ. ಹೊಟ್ಟೆಪಾಡಿಗೆ ಬಸ್ಸಿನ ಡ್ರೈವರ್. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸು. ಮಾಲೀಕ ಬೇರೆ ಇದ್ದ, ಆದರೆ ಇವರ ಬಾಯಲ್ಲಿ ಅದು ಯಾವಾಗಲೂ ‘ನನ್ನ ಬಸ್ಸು’. ಇವರು ಕಂಬಗಳ ನಡುವೆ ನಿಂತರೆ ಗಾಳಿಯೂ ಒಳಗೆ ನುಗ್ಗುವುದಿಲ್ಲ ಎಂದು ಪೇಟೆಯವರು ಹೇಳುತ್ತಿದ್ದರು. ನಮ್ಮ ಮದುವೆಗೆ ಅಣ್ಣ ಒಪ್ಪಿದ್ದೇ ಅದಕ್ಕೆ ಎಂದು ನನ್ನ ಗುಮಾನಿ. ಜಾತಕಕ್ಕಿಂತ ಮೊದಲು ಅವನು ನೋಡಿದ್ದು ವರನ ಅಂಗೈಯ ಅಗಲವನ್ನು.

ಮಳೆ ಬಿಟ್ಟು ಮೈದಾನ ಒಣಗಿದ ಮೇಲೆ ಶುರುವಾಗಿ ಶಿವರಾತ್ರಿಯೊಳಗೆ ನಮ್ಮ ಪಂದ್ಯಗಳೆಲ್ಲ ಮುಗಿಯುತ್ತಿದ್ದವು. ಆ ವರ್ಷ ಬೆಳ್ತಂಗಡಿಯಲ್ಲಿ ಸೋತೆವು. ನಮ್ಮದೇ ಮೈದಾನದಲ್ಲಿ, ನಮ್ಮದೇ ಜನರ ಮುಂದೆ ಸೋತೆವು. ಹೇಗೋ ತೆವಳಿಕೊಂಡು ಫೈನಲ್ಲಿಗೆ ಹೋಗಿ ಮೂಡುಬಿದಿರೆಯಲ್ಲಿ ಕಪ್ಪನ್ನೂ ಬಿಟ್ಟುಬಂದೆವು. ಕೊನೆಯ ಪಂದ್ಯವನ್ನು ನಾನೂ ನೋಡಿದ್ದೆ, ಮೈದಾನದ ಅಂಚಿನಲ್ಲಿ ನಿಲ್ಲಿಸಿದ ಬಸ್ಸಿನೊಳಗೆ ಕೂತು. ಚೊಚ್ಚಲ ಬಸುರಿ, ಕೆಳಗಿಳಿಯಲು ಬಿಡಲಿಲ್ಲ. ಚೆಂಡು ದೂರದಿಂದ ಬಂತು, ಅವಸರವೇನೂ ಇರಲಿಲ್ಲ ಅದಕ್ಕೆ. ನನ್ನ ಗಂಡ ಕೈ ಎತ್ತಲಿಲ್ಲ. ಅದು ಅವರ ಮೊಣಕಾಲಿನ ಪಕ್ಕದಿಂದ ಒಳಗೆ ಹೋಯಿತು. ಮೂಡುಬಿದಿರೆಯವರು ಕುಣಿಯಲು ಶುರುಮಾಡಿದ ಮೇಲಷ್ಟೇ ಇವರು ತಿರುಗಿ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಭಾನುವಾರ ಸಂಜೆ ಅಣ್ಣನ ಜಗಲಿಯಲ್ಲಿ ವಿಚಾರಣೆ. ಭಾನುವಾರ ಬಸ್ಸಿಗೆ ಬದಲಿ ಡ್ರೈವರ್ ಇರುತ್ತಿದ್ದುದರಿಂದ ನಾನು, ನನ್ನ ಗಂಡ ಅಲ್ಲಿಗೇ ಊಟಕ್ಕೆ ಹೋಗುವುದು ರೂಢಿ. ಇವರು ಪೇಟೆಗೆಂದು ಹೋದವರು ಇನ್ನೂ ಬಂದಿರಲಿಲ್ಲ. ಜಗಲಿಯಲ್ಲಿ ಅಣ್ಣ, ತಂಡದ ಚಡ್ಡಿ ಹೊಲಿಯುತ್ತಿದ್ದ ದರ್ಜಿ, ಮತ್ತೆ ಪೇಟೆಯಲ್ಲಿ ಹಗ್ಗ, ಒಣಮೀನು ಮಾರುವ ಮುಸಲ್ಮಾನ ಹಿರಿಯರೊಬ್ಬರು, ನಾವೆಲ್ಲ ಬ್ಯಾರಿಗಳು ಎಂದೇ ಕರೆಯುತ್ತಿದ್ದವರು. ನಾನು ಬಾಗಿಲ ಹಿಂದೆ ಹೂ ಕಟ್ಟುವ ನೆಪದಲ್ಲಿ ಕೂತಿದ್ದೆ.

“ಆ ಮೂಡುಬಿದಿರೆಯವರು ಮಧ್ಯಾಹ್ನ ಊಟಕ್ಕೆ ಪಾಯಸ ಹಾಕಿದ್ದು ಯಾಕೆ?” ಎಂದು ದರ್ಜಿ ಶುರುಮಾಡಿದ. “ಸೋತವರಿಗೆ ಹಾಕುವುದುಂಟು. ಆಟಕ್ಕೆ ಮೊದಲೇ ಹಾಕ್ತಾರಾ? ನಮ್ಮವರಿಗೆ ಓಡ್ಲಿಕ್ಕೆ ಆಗ್ಬಾರ್ದು ಅಂತ.”

“ನೀನು ಮೂರು ಸಲ ಹಾಕಿಸಿಕೊಂಡೆ ಮಾರಾಯ,” ಎಂದರು ಬ್ಯಾರಿಗಳು. “ನಿನಗೆಲ್ಲಿ ಓಡ್ಲಿಕ್ಕೆ ಇತ್ತು?”

ಆಮೇಲೆ ಮುಖ್ಯ ಅತಿಥಿಯ ಸರದಿ. ಅವರು ಅಲ್ಲಿನ ದೊಡ್ಡ ಜೈನ ಮನೆತನದವರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಅವರು ಮನೆಗೆ ಹೋಗಿ ಊಟ ಮುಗಿಸಿ ಬರುವವರೆಗೆ ಆಟದ ಉತ್ತರಾರ್ಧವನ್ನು ತಡೆದು ನಿಲ್ಲಿಸಿದ್ದರು. ಅವರಿಗೆ ಕಾದದ್ದು ಮರ್ಯಾದೆ ಎಂದು ಊರಿಗೆಲ್ಲ ಗೊತ್ತು. ನಮ್ಮ ಜಗಲಿಗೆ ಮಾತ್ರ ಅದರಲ್ಲೊಂದು ಹುನ್ನಾರ ಕಂಡಿತು. ಗೋಲಿನ ಮುಂದೆ ಹಾಕಿದ ಸುಣ್ಣದ ಗೆರೆಯನ್ನೂ ಬಿಡಲಿಲ್ಲ. ಅದು ಒಂದು ಕಡೆ ಸೊಟ್ಟಗಿತ್ತಂತೆ.

ಈಗ ಅಣ್ಣ ಬಾಯಿ ಹಾಕಿದ. ಮನೆಯಲ್ಲಿ ನಮ್ಮೆಲ್ಲರ ಮಾತು ತುಳು. ಅಣ್ಣನಿಗೆ ಸಿಟ್ಟು ಬಂದರೆ ಕನ್ನಡಕ್ಕೆ ಹೋಗುತ್ತಿದ್ದ, ಅದೂ ಪಾಠಪುಸ್ತಕದ ಕನ್ನಡಕ್ಕೆ. ಆಗ ಕನ್ನಡದಲ್ಲಿ ಹೇಳಿದ: “ಒಂದು ವಿಷಯವನ್ನು ನೀವು ಗಮನಿಸಿಲ್ಲ. ಬೆಳ್ತಂಗಡಿಯಲ್ಲಾಗಲಿ, ಇಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ, ಈ ವರ್ಷ ನಮಗೆ ಬಿದ್ದ ಗೋಲುಗಳೆಲ್ಲ ಉತ್ತರಾರ್ಧದಲ್ಲಿಯೇ ಬಿದ್ದಿವೆ.”

ದರ್ಜಿಯ ಕಣ್ಣು ಅರಳಿತು. “ಅಂದ್ರೆ ಆಟದ ನಡುವೆ ಬಿಡುವಿನಲ್ಲಿ ನಿಂಬೆಹುಳಿ ಚೀಪುವಾಗ ಯಾರೋ ಬಂದು ಎಂತದೋ ಹೇಳಿ ಹೋಗ್ತಾರೆ.” ಆಮೇಲೆ ದನಿ ತಗ್ಗಿಸಿ, ಆದರೆ ನನಗೆ ಕೇಳುವಷ್ಟು ಮಾತ್ರ ತಗ್ಗಿಸಿ, “ನಿಮ್ಮ ಭಾವ ಹಾಲ್ಟ್ ಬಸ್ಸು ಕೇಳಿ ತಗೊಂಡದ್ದು ಇದೇ ವರ್ಷ ಅಲ್ವಾ ಮಾಸ್ತರೇ?” ಎಂದ.

ನನ್ನ ಕೈಯ ಹೂ ನಿಂತಿತು. ಅದು ನನ್ನದೇ ಹುಣ್ಣು. ಮೊದಲೆಲ್ಲ ಇವರು ಸಂಜೆ ಮೂಡುಬಿದಿರೆಗೆ ಹೋಗಿ, ರಾತ್ರಿಯ ಟ್ರಿಪ್ಪಿನಲ್ಲಿ ಮನೆಗೆ ಮರಳುತ್ತಿದ್ದರು. ಆ ವರ್ಷ ಮಾಲೀಕರ ಕೈಕಾಲು ಹಿಡಿದು, ರಾತ್ರಿ ಮೂಡುಬಿದಿರೆಯಲ್ಲೇ ಉಳಿದು ಬೆಳಿಗ್ಗೆ ಬರುವ ಬಸ್ಸನ್ನು ಕೇಳಿ ಪಡೆದಿದ್ದರು. ಹೊಸ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಬಸ್ಸಿನ ಸೀಟಿನ ಮೇಲೆ ಮಲಗಲು ಯಾವ ಗಂಡಸು ಕೇಳಿಕೊಂಡು ಹೋಗುತ್ತಾನೆ? ಪೇಟೆಗೆ ತಂಡದ ಮೇಲೆ ಸಂಶಯವಾದರೆ ನನಗೆ ಮೂಡುಬಿದಿರೆಯ ಯಾವುದೋ ಹೆಣ್ಣಿನ ಮೇಲೆ. ಭಾನುವಾರ ಸಂಜೆ ಮನೆಯಲ್ಲಿದ್ದರೂ ಇವರು ಬಾಗಿಲ ದಾರಂದ ಸವರಿಕೊಂಡು, ಎಲ್ಲೋ ನೋಡುತ್ತಾ ನಡೆಯುತ್ತಿದ್ದರು. ಮನಸ್ಸು ಇಲ್ಲಿಲ್ಲ ಎಂದು ನಾನು ಹಲ್ಲು ಕಚ್ಚುತ್ತಿದ್ದೆ. ಅಂಗಿಯನ್ನು ಮೂಸಿಯೂ ನೋಡಿದ್ದೇನೆ. ಡೀಸೆಲ್ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ, ಅದೂ ನನಗೆ ಸಂಶಯಕ್ಕೇ ಕಾರಣವಾಯಿತು.

ಅಷ್ಟರಲ್ಲಿ ಅವರೇ ಬಂದರು. ಜಗಲಿಯ ಕಂಬಕ್ಕೆ ಕೈಕೊಟ್ಟು, ನಿಧಾನವಾಗಿ ಮೆಟ್ಟಿಲು ಹತ್ತಿ ಕೂತರು.

“ಭಾವ,” ಎಂದ ಅಣ್ಣ, “ಸುತ್ತುಬಳಸುವುದು ಬೇಡ. ಧರ್ಮಸ್ಥಳದ ಆಣೆ ಮಾಡಿ ಹೇಳಿಬಿಡಿ.”

ಬೇರೆ ಊರಿನವರಿಗೆ ಇದರ ಭಾರ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ಆ ಆಣೆಯ ಮುಂದೆ ಬಾಯಿ ಬಿಡುವುದಿಲ್ಲ. ಹಿಂದೂ, ಜೈನ, ಬ್ಯಾರಿ ಎಂಬ ಭೇದ ಆ ಹೆದರಿಕೆಗೆ ಇಲ್ಲ. ಒಮ್ಮೆ ಇಬ್ಬರ ನಡುವೆ ಆಣೆ ಬಿತ್ತೋ, ಇಬ್ಬರೂ ಕ್ಷೇತ್ರಕ್ಕೆ ಹೋಗಿ ಅದನ್ನು ಬಿಡಿಸಿಕೊಳ್ಳುವ ತನಕ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕೂಡ ಕುಡಿಯುವಂತಿಲ್ಲ. ಗಂಡನಿಗೆ ಇಲ್ಲದ ನೀರು ಹೆಂಡತಿಗೂ ಇಲ್ಲ. ನನಗೆ ದಿನ ತುಂಬುತ್ತಾ ಬಂದಿತ್ತು. ಬಾಣಂತನಕ್ಕೆ ಇದ್ದದ್ದು ಈ ಒಂದು ಮನೆ, ಈ ಒಬ್ಬಳು ಅಮ್ಮ. ಅಣ್ಣ ಒಂದು ಚೆಂಡಿಗಾಗಿ ನನ್ನ ತವರನ್ನೇ ಪಣಕ್ಕಿಟ್ಟಿದ್ದ. ಒಳಗಿನಿಂದ ಅಮ್ಮ, “ಬೇಡ ಮಗ, ಅದೊಂದು ಬೇಡ,” ಎಂದಳು. ಅವನು ಕೇಳಲಿಲ್ಲ.

“ಎಂತ ಹೇಳ್ಬೇಕು?” ಎಂದರು ನನ್ನ ಗಂಡ.

ಅಣ್ಣ ಮಾಸ್ತರನಲ್ಲವೇ, ವಾಕ್ಯವನ್ನು ಸಿದ್ಧಮಾಡಿ ಇಟ್ಟಿದ್ದ. “‘ಬಂದ ಚೆಂಡನ್ನು ಕಣ್ಣಾರೆ ಕಂಡೆ. ಹಿಡಿಯುವ ಮನಸ್ಸಿತ್ತು. ಕೈಗೆ ಎಟುಕಲಿಲ್ಲ.’ ಇಷ್ಟು ಹೇಳಿದರೆ ಸಾಕು. ನಾನು ನಿಮ್ಮ ಕಾಲು ಮುಟ್ಟುತ್ತೇನೆ.”

ಇವರು ನೆಲದ ಮೇಲೆ ಅಂಗೈ ಊರಿದರು. “ಮೊದಲನೇದ್ದು ಬಿಡಿ. ಉಳಿದದ್ದು ಹೇಳ್ತೇನೆ.”

“ಮೊದಲನೆಯದು ಯಾಕೆ ಬೇಡ?”

“ಬೇಡ.”

“ಕಂಡದ್ದನ್ನು ಕಂಡೆ ಅನ್ಲಿಕ್ಕೆ ಎಂತ ಕಷ್ಟ?” ದರ್ಜಿ ಮುಂದಕ್ಕೆ ಬಾಗಿದ. ಬ್ಯಾರಿಗಳು ಅವನ ತೊಡೆ ತಟ್ಟಿ ಸುಮ್ಮನಿರಿಸಲು ನೋಡಿದರು. “ಅಲ್ಲ, ಇಷ್ಟು ಸಣ್ಣ ಮಾತಿಗೆ ಚೌಕಾಸಿ ಮಾಡ್ತಾರೆ ಅಂದ್ರೆ ಒಳಗೆ ಎಂತದೋ ಉಂಟು.”

ಒಳಗೆ ಎಂತದೋ ಇತ್ತು. ಅದು ಏನೆಂದು ಬಾಗಿಲ ಹಿಂದೆ ಕೂತ ನನಗೆ ಆಗ ಹೊಳೆಯಿತು. ಆಣೆಯ ಮೇಲೆ ಸುಳ್ಳು ಹೇಳುವ ಮನುಷ್ಯ ಇವರಲ್ಲ. ಹಿಡಿಯುವ ಮನಸ್ಸಿತ್ತು ಎನ್ನಲು ಒಪ್ಪುತ್ತಾರೆ. ಕಂಡೆ ಎನ್ನಲು ಮಾತ್ರ ಒಪ್ಪುವುದಿಲ್ಲ. ಗೋಲೆಲ್ಲ ಬಿದ್ದದ್ದು ಸಂಜೆ ಮಬ್ಬಾದ ಮೇಲೆ. ರಾತ್ರಿಯ ಟ್ರಿಪ್ಪು ಬಿಟ್ಟು ಹಾಲ್ಟ್ ಬಸ್ಸು. ದಾರಂದ ಸವರುವ ಕೈ. ಈಚೆಗೆ ದಾರಿಯಲ್ಲಿ ಸಿದ್ದಕಟ್ಟೆ ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಬಿಟ್ಟು ಎದುರಿಗೆ ಬಂದು ಕೂತು, “ಎಡಕ್ಕೆ ಎಮ್ಮೆ ಉಂಟು, ಬಲಕ್ಕೆ ತಿರುವು ಉಂಟು,” ಎಂದು ಹೇಳುತ್ತಾನೆ ಎಂದು ಪಕ್ಕದ ಮನೆಯವಳು ನಗೆಯಾಡಿದ್ದಳು. ನಾನು ಹೆಣ್ಣೊಬ್ಬಳನ್ನು ಹುಡುಕುತ್ತಿದ್ದೆ. ಇದು ಅದಕ್ಕಿಂತ ಕೆಟ್ಟದ್ದಾಗಿತ್ತು.

“ಹಾಗಾದರೆ ನಾನೇ ನಿಮ್ಮ ಮೇಲೆ ಆಣೆ ಹಾಕಬೇಕಾಗುತ್ತದೆ,” ಎಂದು ಅಣ್ಣ ಎದ್ದು ನಿಂತ.

“ಆಣೆ ಗೀಣೆ ಬೇಡ,” ಎಂದರು ಇವರು. “ನಾನೇ ಬಿಟ್ಟೆ. ಬೇಕಂತಲೇ ಬಿಟ್ಟೆ. ಆಯ್ತಲ್ಲ?”

ಆಣೆ ಇಲ್ಲದ ಮಾತು, ಹಾಗಾಗಿ ಹೇಳಲು ಸಾಧ್ಯವಾಯಿತು. ದರ್ಜಿಯ ಮುಖದಲ್ಲಿ ಕಪ್ಪು ಗೆದ್ದ ಕಳೆ ಬಂತು. ಇನ್ನು ಈ ಮೆಟ್ಟಿಲು ಹತ್ತಬೇಡಿ ಎಂದ ಅಣ್ಣ, ಕನ್ನಡದಲ್ಲಿ ಅಲ್ಲ, ತುಳುವಿನಲ್ಲಿ. ಇವರು ತಲೆಯಾಡಿಸಿದರು. ಊರಿಗೆ ದ್ರೋಹಿಯಾದರೆ ಬಸ್ಸು ಉಳಿಯುತ್ತದೆ, ಕಣ್ಣಿಲ್ಲದವನಾದರೆ ಉಳಿಯುವುದಿಲ್ಲ. ಆ ಲೆಕ್ಕದಲ್ಲಿ ನನ್ನ ಬಾಣಂತನವನ್ನೂ ಸೇರಿಸಿ ಕಳೆದುಬಿಟ್ಟಿದ್ದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನಾಳೆ ಸಂಜೆ ಮತ್ತೆ ಆ ಬಸ್ಸು ಹೊರಡುತ್ತದೆ, ತುಂಬಾ ಜನ ಕೂರುತ್ತಾರೆ, ಇವರು ಸ್ಟೇರಿಂಗ್ ಹಿಡಿಯುತ್ತಾರೆ.

ಅಮ್ಮ ಇನ್ನೂ ದೀಪ ಹಚ್ಚಿರಲಿಲ್ಲ. ನಮಗೆಲ್ಲ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಬೆಳಕಿತ್ತು. ನಾನು ಒಂದು ಲೋಟ ನೀರು ತೆಗೆದುಕೊಂಡು, ಬಳೆ ಸದ್ದಾಗದಂತೆ ಹಿಡಿದು, ಜಗಲಿಗೆ ಹೋಗಿ ಅವರ ಎದುರಿಗೇ ನಿಂತೆ. ಲೋಟವನ್ನು ಅವರ ಮುಖದ ಮುಂದೆ ಚಾಚಿದೆ. ಮಾತಾಡಲಿಲ್ಲ.

ಅವರು ನನ್ನ ಕಡೆಗೇ ಮುಖ ಮಾಡಿದ್ದರು. ಕೈ ಮೇಲೇಳಲಿಲ್ಲ.

“ಅವಳನ್ನು ಕರೀರಿ,” ಎಂದರು ನನ್ನ ಮುಖಕ್ಕೇ. “ಮನೆಗೆ ಹೋಗುವ. ಎಲ್ಲಿದ್ದಾಳೆ ಅವಳು?”

ಅಣ್ಣ ನನ್ನನ್ನು ನೋಡಿದ, ಲೋಟವನ್ನು ನೋಡಿದ, ಭಾವನ ಕಣ್ಣುಗಳನ್ನು ನೋಡಿದ. ಕೂತುಬಿಟ್ಟ. ಬ್ಯಾರಿಗಳು ತಮ್ಮ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ದರ್ಜಿಗೆ ಮಾತ್ರ ಬೇರೆ ಏನೋ ನೆನಪಾಯಿತು. ಅವನ ಹೆಂಡತಿಯ ಮನೆ ಮೂಡುಬಿದಿರೆಯ ಹತ್ತಿರ.

“ಮೊನ್ನೆ ಶುಕ್ರವಾರ,” ಎಂದ ಅವನು ಸಣ್ಣ ದನಿಯಲ್ಲಿ, “ನಾನು, ಮಕ್ಕಳು ಸಂಜೆಯ ಬಸ್ಸಿನಲ್ಲಿ ಹೋದೆವು. ಬಸ್ಸು ಬಿಟ್ಟದ್ದು ನೀವೇ ಅಲ್ವಾ?”

“ಹೌದು,” ಎಂದರು ನನ್ನ ಗಂಡ. “ನಾನೇ.”

ಆಗ ಅವರಿಗೆ ಗೊತ್ತಾಯಿತು, ಏನೋ ನಡೆದಿದೆ ಎಂದು. ಕೈ ಮುಂದಕ್ಕೆ ಚಾಚಿದರು, ಲೋಟಕ್ಕೆ ತಾಗಿತು, ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ಲೋಟವನ್ನು ಸವರಿದರು, ಆಮೇಲೆ ನನ್ನ ಬಳೆಗಳನ್ನು. ಯಾರು ಎಂದು ಕೇಳಲಿಲ್ಲ.

ಮರುದಿನ ಅಣ್ಣನೇ ಮಾಲೀಕರಲ್ಲಿಗೆ ಹೋಗಿ ಹೇಳಿಬಂದ. ಆಮೇಲೆ ಇವರಿಗೆ ಬಸ್‌ಸ್ಟ್ಯಾಂಡಿನಲ್ಲಿ ಹಗಲು ಹೊತ್ತು ಟಿಕೆಟ್ ಕೊಡುವ ಕೆಲಸವಾಯಿತು. ನನ್ನ ಹೆರಿಗೆ ತವರಿನಲ್ಲೇ ಆಯಿತು. ತಂಡಕ್ಕೆ ಹೊಸ ಗೋಲ್‌ಕೀಪರ್ ಬಂದ, ಮರುವರ್ಷವೂ ಸೋತರು, ಜಗಲಿಯಲ್ಲಿ ಅದಕ್ಕೆ ಹೊಸ ಕಾರಣಗಳನ್ನು ಹುಡುಕಿದರು.

ಆ ಸಂಜೆ ಮಾತ್ರ ನಾವಿಬ್ಬರೇ ನಡೆದು ಮನೆಗೆ ಹೊರಟೆವು. ಅಣ್ಣ ಲಾಟೀನು ಕೊಟ್ಟ, ಇವರು ಬೇಡವೆಂದರು. ದಾರಿಯಲ್ಲಿ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟರು. ಪೇಟೆ ದಾಟಿದೆವು.

“ನನ್ನ ಬಸ್ಸು ತೆಗೆದೆ ನೀನು,” ಎಂದರು ಆಮೇಲೆ.

“ಹೌದು, ತೆಗೆದೆ,” ಎಂದೆ.

ಅವರ ಕೈ ನನ್ನ ಹೆಗಲ ಮೇಲೆಯೇ ಇತ್ತು. ನನ್ನನ್ನು ಕ್ಷಮಿಸಿ ಇಟ್ಟುಕೊಂಡರೋ, ದಾರಿ ಕಾಣದ್ದಕ್ಕೆ ಇಟ್ಟುಕೊಂಡರೋ, ಅವರು ಬದುಕಿದ್ದಷ್ಟು ಕಾಲವೂ ನನಗೆ ಸಂಶಯವಿತ್ತು. ಕೇಳಲು ಧೈರ್ಯವಾಗಲಿಲ್ಲ.