ಮಧ್ಯಾಹ್ನದ ಐಸು

ಮೇಡಂ ಅವರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ವೈರಿನ ತುದಿಯನ್ನು ಆ ಕಚ್ಚಿಗೆ ಕೊಟ್ಟು, ಕತ್ತು ಓರೆ ಮಾಡಿ ಒಮ್ಮೆ ಎಳೆದರೆ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದು ಬರುತ್ತಿತ್ತು. ಸುಲಿಯುವ ಇಕ್ಕಳ ಬ್ಯಾಗಿನಲ್ಲೇ ಇರುತ್ತಿತ್ತು, ಒಳ್ಳೆಯದೇ. "ಅದನ್ನ ಹುಡ್ಕೋಷ್ಟ್ರಲ್ಲಿ ಕೆಲ್ಸ ಮುಗ್ದೋಗುತ್ತೆ ನಾಯ್ನಾ" ಎನ್ನುತ್ತಿದ್ದರು. ನಕ್ಕಾಗ ಕಚ್ಚು ಕಾಣುತ್ತಿತ್ತು. ಹೆಚ್ಚು ನಗುತ್ತಿರಲಿಲ್ಲ.

ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಮುಳಬಾಗಿಲಿನವರು. ಇಂಜಿನಿಯರಿಂಗ್ ಓದಿ, ಕೆಲಕಾಲ ಬೇರೆಯವರ ಕೈಕೆಳಗೆ ದುಡಿದು, ಆಮೇಲೆ ಸ್ವಂತ ಕೆಲಸ ಹಿಡಿದಿದ್ದರು. ಕಾರ್ಖಾನೆಗಳಲ್ಲಿ ಶಾಖ, ಒತ್ತಡ ಅಳೆಯುವ ಸೆನ್ಸರುಗಳನ್ನು ಕೂರಿಸಿ, ಅವು ಹೇಳುವುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುವಂತೆ ಮಾಡಿಕೊಡುವುದು. ವೇಮಗಲ್, ಮಾಲೂರು, ಶ್ರೀನಿವಾಸಪುರ, ಎಲ್ಲಿಗೂ ಸ್ಕೂಟರಿನಲ್ಲೇ ಓಡಾಟ. ಕಾಲ ಬಳಿ ಅಗಲ ಬಾಯಿಯ ಒಂದು ಫ್ಲಾಸ್ಕು. ಅದರಲ್ಲಿ ಕಾಫಿ ಇದೆಯೆಂದು ನಂಬಿ ನಾನೊಮ್ಮೆ ಲೋಟ ಹಿಡಿದು ನಿಂತಿದ್ದೆ. ಇದ್ದದ್ದು ಪುಡಿ ಮಾಡಿದ ಐಸು ಮತ್ತು ನೀರು.

"ಮೊದ್ಲು ಐಸು, ಆಮೇಲೆ ಕುದಿಯೋ ನೀರು, ಅದಾದ್ಮೇಲೆ ಮಾತು" ಎಂಬುದು ಅವರ ಕಟ್ಟುಪಾಡು. ಸೆನ್ಸರನ್ನು ಐಸಿನಲ್ಲಿಟ್ಟರೆ ಸೊನ್ನೆ ಬರಬೇಕು, ಕುದಿಯುವ ನೀರಿನಲ್ಲಿ ತೊಂಬತ್ತೇಳು. ನೂರಲ್ಲವೇ ಎಂದು ನಮ್ಮ ಕಾರ್ಖಾನೆಯ ಮ್ಯಾನೇಜರ್ ವಾದಕ್ಕೆ ನಿಂತರು.

"ನೂರು ಸಮುದ್ರದ ದಂಡೇಲಿ ಸಾರ್. ನಾವು ಎತ್ತರದಲ್ಲಿದೀವಿ, ಇಲ್ಲಿ ನೀರು ಬೇಗ ಕುದಿಯುತ್ತೆ. ನಮ್ ಜನಾನೂ ಅಷ್ಟೆ."

ನಾನು ಆಗ ಶ್ರೀನಿವಾಸಪುರದ ಒಂದು ಮಾವಿನ ಪಲ್ಪ್ ಕಾರ್ಖಾನೆಯಲ್ಲಿ ಆಪರೇಟರ್. ಪಲ್ಪ್ ಕೊಳವೆಯಲ್ಲಿ ಹಾದುಹೋಗುವಾಗ ಉಗಿಯಿಂದ ಕಾಯಿಸುತ್ತಾರೆ. ಎಷ್ಟು ಕಾದಿದೆ ಎಂದು ಹೇಳುವುದು ಥರ್ಮೊಕಪಲ್, ಎಂದರೆ ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದ ಕಡ್ಡಿ. ಅದರ ತಂತಿಗಳು ಶೆಡ್ಡಿನ ತಗಡಿನ ಗೋಡೆಗೆ ಹೊಡೆದ ಒಂದು ಡಬ್ಬಿಗೆ ಬರುತ್ತವೆ. ಡಬ್ಬಿಯಿಂದ ಉದ್ದದ ಕೇಬಲ್ ಎ.ಸಿ. ಕೋಣೆಯ ಕಂಪ್ಯೂಟರಿಗೆ. ಶಾಖ ಕಡಿಮೆ ಎನಿಸಿದರೆ ಕಂಪ್ಯೂಟರ್ ತಾನೇ ಉಗಿ ಹೆಚ್ಚಿಸುತ್ತದೆ. ಇಡೀ ವ್ಯವಸ್ಥೆಯನ್ನು ಹಿಂದಿನ ಚಳಿಗಾಲದಲ್ಲಿ ಮೇಡಂ ಅವರೇ ಕೂರಿಸಿದ್ದರು.

ತೋತಾಪುರಿ ಮಾವು ಬರುವ ಕಾಲಕ್ಕೆ ನನ್ನ ಪಾಳಿಯ ಪಲ್ಪ್ ಕಂದತೊಡಗಿತು. ಬಣ್ಣ ಕಂದು, ವಾಸನೆ ಸೀದ ಬೆಲ್ಲದ್ದು. ಕಂಪ್ಯೂಟರಿನ ಶಾಖದ ಗ್ರಾಫ್ ಮಾತ್ರ ನೇರವಾಗಿತ್ತು. ಬೆಳಗಿನ ಪಾಳಿಯಲ್ಲಿ ಎಲ್ಲ ಸರಿ, ಮಧ್ಯಾಹ್ನ ನಾನು ಬಂದ ಮೇಲೆ ಕೆಡುತ್ತಿತ್ತು. ಗ್ರಾಫು ಕೋಣ ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವವರು ನಮ್ಮ ಮ್ಯಾನೇಜರ್. "ಪಂಪ್ ನಿಲ್ಸಿ ಫೋನ್ ನೋಡ್ತಾ ಕೂತಿದೀಯ. ಪಲ್ಪು ನಿಂತಲ್ಲೇ ಸೀದಿದೆ" ಎಂದರು. ಅವರನ್ನು ದೂರಲಾರೆ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಮೇಡಂ ಬಂದು ಸೆನ್ಸರ್ ಸರಿಯಿದೆ ಎಂದರೆ ನಾನು ಮನೆಗೆ, ಅಷ್ಟೇ. ಈ ಸೀಮೆಯ ಪಲ್ಪ್ ಕಾರ್ಖಾನೆಗಳವರು ಪರಸ್ಪರ ನೆಂಟರು, ಇಲ್ಲವೇ ವೈರಿಗಳು. ಸುದ್ದಿ ಮಾತ್ರ ಇಬ್ಬರಿಗೂ ಒಂದೇ ಹೊತ್ತಿಗೆ ಮುಟ್ಟುತ್ತದೆ. ಇನ್ನೊಂದು ಕಡೆ ಕೆಲಸ ಸಿಗುವ ಮಾತಿರಲಿಲ್ಲ. ಮನೆಯಲ್ಲಿ ಬಸುರಿ ಹೆಂಡತಿ. ಹೆದರಿದ್ದೆ.

ಮೇಡಂ ಬೆಳಿಗ್ಗೆಯೇ ಬಂದರು. ಪಾಳಿ ಮಧ್ಯಾಹ್ನವಾದರೂ ನಾನೂ ಆಗಲೇ ಬಂದು ಕಾದಿದ್ದೆ. ಕಡ್ಡಿಯನ್ನು ಐಸಿನಲ್ಲಿಟ್ಟರು, ಸೊನ್ನೆ. ಕುದಿಯುವ ನೀರಿನಲ್ಲಿಟ್ಟರು, ತೊಂಬತ್ತೇಳು. "ಸರಿಯಾಗಿದೆ" ಎಂದು ಮ್ಯಾನೇಜರಿಗೆ ಹೇಳಿ ಸ್ಕೂಟರಿನತ್ತ ನಡೆದರು. ನಾನು ಹಿಂದೆಯೇ ಹೋದೆ. ಹೆಲ್ಮೆಟ್ ಹಾಕಿಕೊಂಡವರು ತಿರುಗಿ ಕೇಳಿದರು:

"ಯಾವೊತ್ತಲ್ಲಿ ಕಂದೋದು?"

"ಊಟ ಆದ್ಮೇಲೆ ಮೇಡಂ. ಬೆಳಿಗ್ಗೆ ಏನೂ ಆಗಲ್ಲ."

"ಹಂಗಾದ್ರೆ ಬೆಳಿಗ್ಗೆ ನೋಡಿ ಏನ್ ಬಂತು?"

ಹೆಲ್ಮೆಟ್ ತೆಗೆದರು. ಒಮ್ಮೆ ಸರಿ ಎಂದ ಮೇಲೆ ಮುಗಿಯಿತಲ್ಲ ಎಂದು ಮ್ಯಾನೇಜರ್ ಗೊಣಗಿದರು. "ಮುಗ್ದಿದ್ರೆ ಪಲ್ಪ್ ಯಾಕ್ ಸೀಯ್ತಿತ್ತು ಸಾರ್?" ಎಂದು, ಹಣ್ಣು ಆರಿಸುವ ಹೆಂಗಸರ ನಡುವೆ ಹೋಗಿ ಕುಳಿತುಬಿಟ್ಟರು. ಅವರೊಡನೆ ತೆಲುಗಿನಲ್ಲಿ ಹರಟುತ್ತಾ, ಅವರ ಬುತ್ತಿಯ ಮುದ್ದೆಯನ್ನೇ ಹಂಚಿಕೊಂಡು ತಿಂದರು.

ಪಡುವಣ ಬಿಸಿಲು ತಗಡಿನ ಗೋಡೆಗೆ ಬಿದ್ದ ಮೇಲೆ ಫ್ಲಾಸ್ಕಿಗೆ ಹೊಸ ಐಸು ತುಂಬಿಸಿ ಮತ್ತೆ ಕಡ್ಡಿ ಇಟ್ಟರು. ಕಂಪ್ಯೂಟರ್ ಮುಂದೆ ಕುಳಿತ ಹುಡುಗಿ ಕೂಗಿ ಹೇಳಿದಳು: "ಮೈನಸ್ ಮೂವತ್ತು ಮೇಡಂ!"

ಐಸು ಐಸೇ. ಅದಕ್ಕಿಂತ ಮೂವತ್ತು ಡಿಗ್ರಿ ತಣ್ಣಗಿರುವುದು ನಮ್ಮ ಶೆಡ್ಡಿನಲ್ಲಿ ಯಾವುದೂ ಇರಲಿಲ್ಲ. ಮೇಡಂ ಗೋಡೆಯ ಡಬ್ಬಿ ಮುಟ್ಟಿ ಚುರುಕ್ ಎಂದು ಕೈ ಎಳೆದುಕೊಂಡರು. ಸೆರಗಿನ ತುದಿ ಹಿಡಿದು ಮುಚ್ಚಳ ಬಿಚ್ಚಿದರು. ಒಳಗಿನ ತಂತಿಗಳ ಬಣ್ಣ ನೋಡಿದರು.

ನಮ್ಮ ಕಡೆ ಕೆಂಪು ಎಂದರೆ ಪ್ಲಸ್. ಬ್ಯಾಟರಿಗೂ ಅಷ್ಟೆ, ಟ್ರ್ಯಾಕ್ಟರಿಗೂ ಅಷ್ಟೆ. ಡಬ್ಬಿಯಿಂದ ಕಂಪ್ಯೂಟರಿಗೆ ಹೋಗುವ ಆ ಥರ್ಮೊಕಪಲ್ ಕೇಬಲಿನಲ್ಲಿ ಮಾತ್ರ ಕೆಂಪು ಮೈನಸ್. ಮೇಡಂ ಕಳುಹಿಸಿದ್ದ ಎಲೆಕ್ಟ್ರಿಷಿಯನ್ ರೂಢಿಯಂತೆ ಎರಡೂ ತುದಿಯಲ್ಲಿ ಕೆಂಪನ್ನು ಪ್ಲಸ್ಸಿಗೆ ಕೊಟ್ಟಿದ್ದ. ಎರಡೂ ತುದಿ ಒಂದೇ ಶಾಖದಲ್ಲಿದ್ದಾಗ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಒಂದು ತುದಿ ಬಿಸಿಲಲ್ಲಿ ಕಾದು ಇನ್ನೊಂದು ಎ.ಸಿ.ಯಲ್ಲಿದ್ದರೆ ಕಂಪ್ಯೂಟರಿಗೆ ಶಾಖ ಕಡಿಮೆ ಕಾಣುತ್ತದೆ, ಅದು ಇನ್ನಷ್ಟು ಉಗಿ ಬಿಡುತ್ತದೆ. ಮೇಡಂ ಪರೀಕ್ಷೆ ಮಾಡಿ ಸಹಿ ಹಾಕಿದ್ದು ಚಳಿಗಾಲದ ಒಂದು ಬೆಳಿಗ್ಗೆ.

ಡಬ್ಬಿಯ ಬಳಿ ನಾವಿಬ್ಬರೇ ಇದ್ದೆವು. ಸ್ಕ್ರೂಡ್ರೈವರ್ ಅವರ ಕೈಯಲ್ಲೇ ಇತ್ತು. ಎರಡೂ ತುದಿಯ ತಂತಿ ಅದಲುಬದಲು ಮಾಡಿ, ಎಲ್ಲೋ ಸಡಿಲವಾಗಿತ್ತು ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ.

"ಓನರ್ನ ಕರ್ಕೊಂಬಾ" ಎಂದರು. "ನಾನು ಮುಟ್ಟೋ ಮುಂಚೆ ನೋಡ್ಲಿ."

ಮಾಲೀಕರು ಬಂದರು, ಹಿಂದೆ ಮ್ಯಾನೇಜರ್. ಮೇಡಂ ಕೆಂಪು ತಂತಿ ತೋರಿಸಿ, ಮಕ್ಕಳಿಗೆ ಪಾಠ ಹೇಳುವಂತೆ ಬಿಡಿಸಿ ಹೇಳಿದರು. ಎಲೆಕ್ಟ್ರಿಷಿಯನ್ ಹೆಸರನ್ನೇ ಎತ್ತಲಿಲ್ಲ. "ತಪ್ಪು ನಂದು ಸಾರ್. ಬಿಸ್ಲಲ್ಲಿ ನೋಡ್ಬೇಕಿತ್ತು, ನೋಡ್ಲಿಲ್ಲ. ಈ ಹುಡುಗ ಏನೂ ಮಾಡಿಲ್ಲ."

"ನಿಮ್ಮನ್ನ ನಂಬಿದ್ವಲ್ಲ ಮೇಡಂ" ಎಂದರು ಮಾಲೀಕರು.

"ಹೌದು ಸಾರ್."

ತಂತಿಗಳನ್ನು ಸರಿಪಡಿಸಿ, ಅದೇ ಬಿಸಿಲಿನಲ್ಲಿ ಮತ್ತೆ ಐಸು ಇಟ್ಟು, ಸೊನ್ನೆ ಬಂದದ್ದನ್ನು ಎಲ್ಲರಿಗೂ ತೋರಿಸಿ ಹೋದರು. ನನ್ನ ಕೆಲಸ ಉಳಿಯಿತು. ಮುಂದಿನ ಹಂಗಾಮಿಗೆ ಅವರನ್ನು ಕರೆಯಲಿಲ್ಲ. ಊರಿನ ಬೇರೆ ಪಲ್ಪ್ ಕಾರ್ಖಾನೆಗಳವರೂ ಕರೆಯಲಿಲ್ಲ.

ನಾನು ಆಮೇಲೆ ವೇಮಗಲ್‌ನ ಒಂದು ಕಾರ್ಖಾನೆಗೆ ಸೇರಿದೆ. ಅಲ್ಲಿ ಮೇಡಂ ಬಂದು ಹೋಗುತ್ತಿದ್ದರು. ಈ ಕೆಲಸದಲ್ಲಿ ನನಗೆ ಗೊತ್ತಿರುವುದೆಲ್ಲ ಅವರ ಹಿಂದೆ ಫ್ಲಾಸ್ಕು ಹೊತ್ತು ಕಲಿತದ್ದು. ಬೈದೇ ಕಲಿಸಿದರು. ಅವತ್ತು ಸದ್ದಿಲ್ಲದೆ ತಂತಿ ಬದಲಾಯಿಸಿಬಿಡಬಹುದಿತ್ತಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ವೈರೇನೋ ಸರಿಹೋಗ್ತಿತ್ತು ಕಣೋ. ನೀನು?" ಎಂದರು. ಆ ಮಾತು ಅಲ್ಲಿಗೇ ಬಿಟ್ಟು ಮೀಟರಿಗೆ ಸೆಲ್ ತರಲು ಓಡಿಸಿದರು.

ಹೋದ ವರ್ಷ ಮೇಡಂ ತೀರಿಕೊಂಡರು. ಕಾಯಿಲೆ ಎಂದು ಮಲಗಿದ್ದು ಕೆಲವೇ ದಿನ. ಮುಳಬಾಗಿಲಿನಲ್ಲಿ ಮಣ್ಣು ಹಾಕಿ, ಸಂಜೆ ಶ್ರೀನಿವಾಸಪುರಕ್ಕೆ ಬಂದು ಇಳಿದು, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಹಳೆಯ ಕಾರ್ಖಾನೆಯ ಲೋಡಿಂಗ್ ಮೇಸ್ತ್ರಿ ಸಿಕ್ಕಿದ. ಎಲ್ಲಿಗೆ ಹೋಗಿದ್ದೆ ಎಂದ. ಹೇಳಿದೆ.

"ಯಾರು, ಆ ಪಲ್ಪ್ ಸೀಯಿಸಿದ ಮೇಡಮ್ಮಾ?"

ಅಷ್ಟು ವರ್ಷ ಈ ಊರಿನಲ್ಲಿ ಅವರಿಗೆ ಉಳಿದಿದ್ದ ಹೆಸರು ಇದು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ಆ ಹೆಸ್ರು ನಂಗೆ ಬರ್ಬೇಕಾಗಿತ್ತಣ್ಣ" ಎಂದೆ. "ಅವ್ರು ಇಸ್ಕೊಂಡ್ರು."

ಅವನಿಗೆ ಅರ್ಥವಾಗಲಿಲ್ಲ. ಅವನಿಗೂ ಒಂದು ಟೀ ಹೇಳಿ, ಕೆಂಪು ತಂತಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅಂಗಡಿಯಲ್ಲಿದ್ದವರಿಗೆಲ್ಲ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.