ಅಕ್ಕ ಸ್ಟೆತಸ್ಕೋಪ್ ಇಟ್ಟು ಕೇಳಿದ ಯಂತ್ರ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಕಾರಿನ ಹಳೆಯ ಬಿಡಿಭಾಗ ಮಾರುವ ಒಂದು ಶೆಡ್ಡಿನಲ್ಲಿ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಟಿನ ಜೇಬಿನಿಂದ ಸ್ಟೆತಸ್ಕೋಪ್ ತೆಗೆದು, ಜಿಡ್ಡು ಹಿಡಿದ ಹಳೆಯ ಸೂಪರ್‌ಚಾರ್ಜರ್ ಮೇಲಿಟ್ಟಳು. "ತಿರುಗಿಸೋ," ಎಂದಳು. ನಾನು ಕೈಯಿಂದ ಅದರ ಚಕ್ರ ತಿರುಗಿಸಿದೆ.

"ಒಳಗೆ ಕರಕರ ಅಂತಿದೆ ಕಣೋ. ಇದು ಬೇಡ, ಆ ಇನ್ನೊಂದು ನೋಡೋಣ."

ಎಪ್ಪತ್ತರ ದಶಕದ ಮಾತು. ಏಳನೇ ತರಗತಿಗೇ ಓದು ಬಿಟ್ಟ ನನ್ನನ್ನು ಊರಿಂದ ಮೇರಿಲ್ಯಾಂಡಿಗೆ ಕರೆಸಿಕೊಂಡವಳು ಅಲ್ಲಿ ಡಾಕ್ಟರಾಗಿದ್ದ ಈ ಅಕ್ಕ. ಸೂಪರ್‌ಚಾರ್ಜರ್ ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ವೇಗ ಕೊಡುತ್ತದೆ. ನನಗದು ಬೇಕಿದ್ದದ್ದು ರೇಸಿಗೆ. ರೇಸೆಂದರೆ ಹೆದರುತ್ತಾಳೆಂದು, ಚಳಿಯಲ್ಲಿ ಕಾರು ಸ್ಟಾರ್ಟ್ ಆಗಲು ಬೇಕೆಂದು ಸುಳ್ಳು ಹೇಳಿದ್ದೆ. ಅದನ್ನು ನಂಬಿ, ವಾರದ ಒಂದೇ ರಜೆಯಲ್ಲಿ ಅಷ್ಟು ದೂರ ಬಂದಿದ್ದಳು.

ಮಾರುವ ಮುದುಕ ನಕ್ಕ. ರೇಸಿಗೆ ಒಯ್ಯುವವರು ಯಾರೂ ಇಷ್ಟು ಜೋಪಾನವಾಗಿ ಆರಿಸಿದ್ದಿಲ್ಲ ಎಂದ.

ಅಕ್ಕ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಸ್ಟೆತಸ್ಕೋಪನ್ನು ಮತ್ತೆ ಕಿವಿಗೇರಿಸಿ ಎರಡನೆಯದರ ಮುಂದೆ ಕೂತಳು. "ತಿರುಗಿಸು. ರೇಸಿಗಾದ್ರೆ ಇನ್ನೂ ಸರಿಯಾಗಿ ಕೇಳ್ಬೇಕು."

ಅಂದು ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಆಮೇಲೂ ಬರಲಿಲ್ಲ. ವಾರಪತ್ರಿಕೆಯ ಈ ಪುಟವನ್ನು ಅಕ್ಕ ಒಂದು ವಾರವೂ ಬಿಡದೆ ಓದುತ್ತಾಳೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಾಯ್ತಕ್ಕ.