ಅಪ್ಪ ಎಕ್ಸ್‌ರೇ ನೋಡಿದ ರೀತಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಚನ್ನಪಟ್ಟಣದಿಂದ ರಾಮನಗರಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ಪಡೆದ ಬಿಎಸ್ಸಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹಾಗಾಗಿ ನನ್ನ ತಮ್ಮ ಸಾತನೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡ ದಿನ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತವಳು ನಾನು. ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

ತಮ್ಮನಿಗೆ ಇಪ್ಪತ್ತಾರು. ಅಪ್ಪನ ಜೊತೆ ಲೇತ್ ಮೇಲೆ ಮರದ ಗೊಂಬೆ ಕಡೆಯುವವನು. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇರುತ್ತದೆ, ಅದರ ಕತ್ತು ಮುರಿದಿದೆ ಎಂದರು ಡಾಕ್ಟರು. ವಯಸ್ಸಾದವರಿಗಾದರೆ ಗುಂಡನ್ನೇ ತೆಗೆದು ಬೇರೆ ಕೂರಿಸಬಹುದು. ಈ ವಯಸ್ಸಿಗೆ ಅವನ ಗುಂಡನ್ನೇ ಉಳಿಸಿಕೊಳ್ಳಬೇಕು. ಅದಕ್ಕೆ ರಕ್ತ ಹೋಗುವ ನಾಳಗಳು ಎಳೆಯಷ್ಟು ಸಣ್ಣವು. ತಡ ಮಾಡುವಂತಿಲ್ಲ.

ದಾರಿ ಎರಡು. ಸಣ್ಣ ಗಾಯ ಮಾಡಿ ಉದ್ದನೆಯ ಮೂರು ಸ್ಕ್ರೂ ಹಾಕುವುದು ಒಂದು. ಒಂದು ದಪ್ಪ ಸ್ಕ್ರೂ ಹಾಕಿ, ತೊಡೆಯ ಹೊರಮಗ್ಗುಲಿಗೆ ಪ್ಲೇಟು ಬಿಗಿದು ಹಿಡಿಸುವುದು ಇನ್ನೊಂದು. ಅದಕ್ಕೆ ಗಾಯ ದೊಡ್ಡದು.

"ಮೂರು ಸ್ಕ್ರೂನೇ ಹಾಕಿ ಸಾರ್, ಬೇಗ ಎದ್ದು ಓಡಾಡ್ತಾನೆ" ಎಂದೆ. ಕಾರಿಡಾರಿನಲ್ಲಿ ಫೋನಿನಲ್ಲಿ ಓದಿಕೊಂಡೇ ಒಳಗೆ ಬಂದಿದ್ದೆ.

ಡಾಕ್ಟರು ಮಾತಾಡುವಷ್ಟರಲ್ಲಿ ಬಾಗಿಲ ಕಡೆಯಿಂದ ಅಪ್ಪ ಕೇಳಿದ: "ಸಾ, ಬಿರುಕು ಎಂಗೈತೆ? ಅಡ್ಡಕ್ಕೋ, ಉದ್ದುಕ್ಕೋ?"

"ಅಪ್ಪಾ, ಒಸಿ ಸುಮ್ನಿರು" ಎಂದೆ. ಡಾಕ್ಟರು ಮಾತ್ರ ಎಕ್ಸ್‌ರೇಯನ್ನು ಅವನತ್ತ ತಿರುಗಿಸಿದರು. ಬಿರುಕು ಹೆಚ್ಚುಕಡಿಮೆ ನೆಟ್ಟಗೆ ಇಳಿದಿತ್ತು.

"ಅಡ್ಡಕ್ ಮುರ್ದಿದ್ರೆ ಭಾರ ಬಿದ್ದಂಗೆಲ್ಲಾ ಒತ್ಕೊಂಡು ಕೂರ್ತಿತ್ತು. ಇದು ಸೀಳು. ಭಾರ ಬಿದ್ರೆ ಜಾರ್ತದೆ. ಬರೀ ಮೊಳೆ ತಡೀತದಾ ಸಾ? ಒರಗಡೆಯಿಂದ ಏನಾರಾ ಇಡ್ಕಬೇಕು." ಬಿರುಕನ್ನೇ ನೋಡುತ್ತಾ ಅಪ್ಪ ಮತ್ತೆ ಅಂದ: "ಆದ್ರೆ ಒಂದೇ ಮೊಳೆ ಆದ್ರೆ ಗುಂಡು ತಿರುಗ್ಬುಡ್ತದೆ, ಗೊಂಬೆ ತಲೆ ತಿರುಗ್ದಂಗೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಕ್ಕೇ ಪ್ಲೇಟಿನ ಜೊತೆ ಮೇಲೊಂದು ಸಣ್ಣ ಸ್ಕ್ರೂ ಸೇರಿಸ್ತೀವಿ. ನೀವು ಏನ್ ಕೆಲಸ ಮಾಡ್ತೀರಿ?"

"ಗೊಂಬೆ ಕೆಲ್ಸ ಸಾ."

ಈ ವಯಸ್ಸಿನವರಿಗೆ ಯಾವುದು ಮೇಲು ಎಂಬುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತವಿಲ್ಲ, ಈ ಬಿರುಕಿಗೆ ತಾನು ಪ್ಲೇಟನ್ನೇ ಆರಿಸುತ್ತೇನೆ ಎಂದರು. ಯಾವುದನ್ನು ಹಾಕಿದರೂ ರಕ್ತ ಸಾಲದೆ ಗುಂಡು ಕುಸಿಯಬಹುದು, ಅದು ತಿಳಿಯಲು ಎರಡು ವರ್ಷ ಕಾಯಬೇಕು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಒಪ್ಪಿಗೆ ಪತ್ರ ಬಂತು. "ನೀನೇ ಸೈನ್ ಹಾಕವ್ವ, ಓದಿರೋಳು" ಎಂದ ಅಪ್ಪ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ತಾವು ಹೇಳುವವರೆಗೂ ಆ ಕಾಲಿನ ಮೇಲೆ ಭಾರ ಬಿಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮೂರನೇ ವಾರಕ್ಕೇ ತಮ್ಮ, ಊರುಗೋಲನ್ನು ಗೋಡೆಗೆ ಒರಗಿಸಿ ಎರಡು ಕಾಲಿನ ಮೇಲೂ ನಿಂತಿದ್ದ.

"ನೋವೇ ಇಲ್ಲ ಕಣಕ್ಕ. ಒಳಗೆ ಕಬ್ಬಿಣ ಐತಲ್ಲ."

ನಾನು ರಕ್ತನಾಳ, ಮೂಳೆಯ ಜೀವಕೋಶ ಎಂದು ಶುರು ಮಾಡಿದೆ. "ಬಂದ್ಳಪ್ಪ ಡಾಕ್ಟ್ರಮ್ಮ" ಎಂದು ನಕ್ಕ.

ಅಪ್ಪ ಲೇತಿನ ಹತ್ತಿರ ಹೋದ. ಗೊಂಬೆಗೆ ಬಳಸುವ ಆಲೆ ಮರದ ತುಂಡಿನಲ್ಲಿ ಒಂದು ಗುಂಡು, ಅದಕ್ಕೊಂದು ಕತ್ತು ಕಡೆದ. ಕತ್ತನ್ನು ಎಕ್ಸ್‌ರೇಯಲ್ಲಿ ಕಂಡಂತೆಯೇ ಗರಗಸದಲ್ಲಿ ಸೀಳಿ, ಗೋಂದು ಹಚ್ಚಿ, ತೆಳು ಮೊಳೆ ಹೊಡೆದು, ಗೋಂದು ಹಸಿಯಿರುವಾಗಲೇ ತಮ್ಮನ ಕೈಗಿಟ್ಟ.

"ಒತ್ತು."

ತಮ್ಮ ಹೆಬ್ಬೆರಳಿನಲ್ಲಿ ಒತ್ತಿದ. ಗುಂಡು ಜಾರಿ ಓರೆಯಾಯಿತು.

"ಕೆಲ್ಸ ಕಲಿಯಕ್ ಬಂದೋರ್ಗೆ ಮೊದಲ್ನೇ ದಿನ ಏನೇಳ್ತೀಯ ನೀನು?"

ತಮ್ಮ ತಲೆ ತಗ್ಗಿಸಿಯೇ ಹೇಳಿದ: "ಗೋಂದು ಒಣಗೋ ಗಂಟ ಗೊಂಬೆ ತಲೆ ಮುಟ್ಬಾರ್ದು."

"ಕಬ್ಬಿಣ ಬರೀ ಇಡ್ಕಂಡಿರ್ತದೆ ಕಣ್ಲಾ. ಕೂಡ್ಕಳದು ಮೂಳೆನೇ."

ಆಮೇಲೆ ಡಾಕ್ಟರು ಹೇಳುವವರೆಗೂ ಅವನು ಆ ಕಾಲು ಊರಲಿಲ್ಲ.

ಈಗ ಒಂದು ವರ್ಷದ ಮೇಲಾಗಿದೆ. ಬಿರುಕು ಕೂಡಿದೆ. ತಮ್ಮ ಸ್ಟೂಲಿನ ಮೇಲೆ ಕೂತು ಕಡೆಯುತ್ತಾನೆ. ಹೋದ ತಿಂಗಳು ತೋರಿಸಲು ಹೋದಾಗ ಡಾಕ್ಟರು ಎಕ್ಸ್‌ರೇಯನ್ನು ನೇರ ಅಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣಕ್ಕೆ ಮುಂಚೆ ಗೊಂಬೆಯ ನಯ ನೋಡುವ ಹಾಗೆ, ಗುಂಡಿನ ಅಂಚಿನ ಸುತ್ತ ಉಗುರು ಆಡಿಸಿದ.

"ಇನ್ನೂ ದುಂಡಗೈತೆ" ಎಂದ.

ಡಾಕ್ಟರು ಹೇಳಿದ ಎರಡು ವರ್ಷಕ್ಕೆ ಇನ್ನೂ ಕೆಲವು ತಿಂಗಳು ಉಳಿದಿವೆ.